ಟೀವಿ ಸ್ಟುಡಿಯೊದಿಂದ ನಗರಸಭೆಗೆ: ಒಬ್ಬ ಪತ್ರಕರ್ತನ ಬೆನ್ನು ಹಿಡಿದು ಸ್ವಿಸ್ ರಾಜಕೀಯ

ಸ್ವಿಟ್ಜರ್ಲೆಂಡಿನಲ್ಲಿ ಪ್ರಧಾನಿ ಅಂತ ಯಾರೂ ಇಲ್ಲ. ಏಳು ಜನ ಮಂತ್ರಿಗಳು, ಏಳೂ ಜನ ಸಮಾನರು. ಅವರಲ್ಲೊಬ್ಬರು ಒಂದು ವರ್ಷದ ಮಟ್ಟಿಗೆ ಅಧ್ಯಕ್ಷರಾಗುತ್ತಾರೆ, ಅಷ್ಟೇ. ದೊಡ್ಡ ಕುರ್ಚಿಯಿಂದ ಶುರು ಮಾಡಿ ರಾಜಕೀಯ ನೋಡುವುದು ನಮಗೆ ಅಭ್ಯಾಸ. ಇಲ್ಲಿ ಹಾಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕಿಂತ ಒಬ್ಬರ ಬೆನ್ನು ಹಿಡಿದು ಹೋಗುವುದು ಸುಲಭ. ಜ್ಯೂರಿಕ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಫಿಲಿಪ್ಪೊ ಲಾಯ್ಟನೆಗ್ಗರ್ ಒಳ್ಳೆಯ ಉದಾಹರಣೆ.

ಇವರು 1952ರಲ್ಲಿ ರೋಮ್‌ನಲ್ಲಿ ಹುಟ್ಟಿದವರು. ಸ್ವಿಸ್ ಜರ್ಮನ್ ಟೀವಿಯಲ್ಲಿ ಪತ್ರಕರ್ತರಾಗಿ ಬೆಳೆದರು. 1993ರಲ್ಲಿ ಶುರುವಾದ 'ಅರೇನಾ' ಎಂಬ ಚರ್ಚಾ ಕಾರ್ಯಕ್ರಮದಿಂದ ಮನೆಮಾತಾದರು. ಈ ಕಾರ್ಯಕ್ರಮ ಈಗಲೂ ಶುಕ್ರವಾರ ರಾತ್ರಿ ಬರುತ್ತದೆ. ಕುಸ್ತಿ ಕಣದ ಹಾಗೆ ಒಂದು ವೃತ್ತ. ನಡುವೆ ಪರ-ವಿರೋಧದವರು ಎದುರುಬದುರು ನಿಂತುಕೊಂಡೇ ವಾದಿಸುತ್ತಾರೆ, ಕೂರಲು ಕುರ್ಚಿ ಇಲ್ಲ. ಅವರ ಹಿಂದಿನ ಸಾಲಿನಲ್ಲಿ ವಿಷಯ ಬಲ್ಲವರು, ಅದರಾಚೆ ಪ್ರೇಕ್ಷಕರು. ದೇಶದ ಮಂತ್ರಿಯೂ ಬಂದು ನಿಲ್ಲಬೇಕು. ಮಾತೆಲ್ಲ ಸ್ವಿಸ್ ಜರ್ಮನ್ ಎಂಬ ಇಲ್ಲಿನ ಆಡುಮಾತಿನಲ್ಲಿ. ಕ್ಲಾಸಿಗೆ ಹೋಗಿ ಜರ್ಮನ್ ಕಲಿತ ನಮ್ಮಂಥವರಿಗೆ ಮೊದಮೊದಲು ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ಸಬ್‌ಟೈಟಲ್ ಹಾಕಿಕೊಂಡು ನೋಡಿ.

ಒಂದು ಟೀವಿ ಚರ್ಚೆಗೆ ಇಷ್ಟು ತೂಕ ಯಾಕೆ? ಇಲ್ಲಿ ಮತದಾನ ನಾಲ್ಕು ವರ್ಷಕ್ಕೊಮ್ಮೆ ಬಂದು ಹೋಗುವ ಹಬ್ಬ ಅಲ್ಲ. ವರ್ಷಕ್ಕೆ ನಾಲ್ಕು ಭಾನುವಾರಗಳನ್ನು ಅದಕ್ಕೆಂದೇ ಮೀಸಲಿಟ್ಟಿರುತ್ತಾರೆ. ಸಂಸತ್ತು ಮಾಡಿದ ಕಾನೂನು ಇಷ್ಟವಾಗದಿದ್ದರೆ 100 ದಿನದಲ್ಲಿ 50,000 ಸಹಿ ತಂದು ಅದನ್ನು ಜನರ ಮುಂದೆ ಎಳೆಯಬಹುದು. ಸಂವಿಧಾನವನ್ನೇ ಬದಲಿಸಬೇಕು ಅಂದರೆ 18 ತಿಂಗಳಲ್ಲಿ 1,00,000 ಸಹಿ ಬೇಕು. ಪೌರತ್ವ ಪಡೆದ ಸ್ನೇಹಿತರ ಮನೆಗೆ ಹೋದಾಗ ಆ ದಪ್ಪ ಲಕೋಟೆ ತೋರಿಸಿ ಅಂತ ಕೇಳಿ. ಒಳಗೆ ಮತಪತ್ರಗಳು, ಎರಡೂ ಕಡೆಯ ವಾದ ಇರುವ ಕೆಂಪು ಪುಸ್ತಿಕೆ, ಜೊತೆಗೊಂದು ಮತದಾರರ ಚೀಟಿ. ಅಂಚೆಯಲ್ಲಿ ಕಳಿಸುವಾಗ ಆ ಚೀಟಿಗೆ ಸಹಿ ಹಾಕುವುದು ಮರೆತರೆ ಮತ ಕುಲಗೆಟ್ಟಂತೆಯೇ.

ನಾವು ಗೊಣಗಿಕೊಂಡು ಕಟ್ಟುವ ಸೆರಾಫೆ ಬಿಲ್ಲೂ, ಅಂದರೆ ರೇಡಿಯೊ-ಟೀವಿ ಶುಲ್ಕವೂ, ಹೀಗೆ ಜನರ ಮುಂದೆ ಹೋಗಿ ಬಂದದ್ದೇ. ಮನೆಯಲ್ಲಿ ಟೀವಿ ಇಲ್ಲದಿದ್ದರೂ ಕಟ್ಟಬೇಕಲ್ಲ, ಅದೇ. 2018ರ ಮಾರ್ಚ್‌ನಲ್ಲಿ ಈ ಶುಲ್ಕವನ್ನು ರದ್ದು ಮಾಡುವ ಪ್ರಸ್ತಾಪ ಮತಕ್ಕೆ ಬಂತು. ಶೇ. 71.6ರಷ್ಟು ಜನ ಬೇಡ ಅಂದರು. ತಾವೇ ಕಟ್ಟುವ ಶುಲ್ಕ ಇರಲಿ ಅಂತ ಜನ ಮತ ಹಾಕಿದ್ದು ನನಗೆ ಇವತ್ತಿಗೂ ಸೋಜಿಗ.

ಲಾಯ್ಟನೆಗ್ಗರ್ ಕಥೆಗೆ ಬರೋಣ. ಟೀವಿಯ ಪ್ರಧಾನ ಸಂಪಾದಕರಾಗಿದ್ದು, 2002ರಲ್ಲಿ ಅಲ್ಲಿಂದ ಹೊರಬಂದರು. ಒಂದು ಪತ್ರಿಕಾ ಪ್ರಕಾಶನ ಸಂಸ್ಥೆ ಸೇರಿದರು. 2003ರಲ್ಲಿ ಉದ್ಯಮಪರ ಉದಾರವಾದಿ ಪಕ್ಷವಾದ ಎಫ್‌ಡಿಪಿಯಿಂದ ರಾಷ್ಟ್ರೀಯ ಪರಿಷತ್ತಿಗೆ ಆರಿಸಿಬಂದರು. ಇದು 200 ಸ್ಥಾನಗಳ ಕೆಳಮನೆ. ಸಂಸದರಾದ ಮೇಲೂ ಕಂಪನಿ ಕೆಲಸವೇ ಅಂತ ಹುಬ್ಬೇರಿಸಬೇಡಿ. ಸಂಸತ್ತು ಇರುವ ಬರ್ನ್‌ನಲ್ಲಿ ವರ್ಷಕ್ಕೆ ನಾಲ್ಕು ಅಧಿವೇಶನ, ಒಂದೊಂದೂ ಮೂರು ವಾರ. ನಡುವೆ ಸಮಿತಿ ಸಭೆಗಳು. ಮಿಕ್ಕ ಸಮಯದಲ್ಲಿ ರೈತರು ಹೊಲಕ್ಕೆ, ವಕೀಲರು ಆಫೀಸಿಗೆ. ಯಾರಿಗೆ ಯಾವ ಕಂಪನಿ, ಯಾವ ಸಂಘದ ನಂಟಿದೆ ಅನ್ನುವುದನ್ನು ಸಾರ್ವಜನಿಕ ಪಟ್ಟಿಯಲ್ಲಿ ಹೇಳಿಕೊಳ್ಳಬೇಕು. ನಂಟಿದ್ದರೂ ಮತ ಹಾಕಬಹುದು, ಅದು ಬೇರೆ ಮಾತು! ಅಂದಹಾಗೆ, ಇದೇ ಸದನಕ್ಕೆ 2017ರಲ್ಲಿ ವಿಂಟರ್‌ಥೂರ್‌ನ ನಿಕ್ ಗುಗ್ಗರ್ ಬಂದರು. ಅವರು ಹುಟ್ಟಿದ್ದು ನಮ್ಮ ಉಡುಪಿಯಲ್ಲಿ, ಮಗುವಾಗಿದ್ದಾಗಲೇ ಸ್ವಿಸ್ ದಂಪತಿಗೆ ದತ್ತು ಹೋದವರು.

ಮುಂದಿನದು ನಮಗೆ ವಿಚಿತ್ರವೆನಿಸುವ ಹೆಜ್ಜೆ. 2014ರಲ್ಲಿ ಲಾಯ್ಟನೆಗ್ಗರ್ ಸಂಸತ್ತು ಬಿಟ್ಟು ಜ್ಯೂರಿಕ್ ನಗರದ ಆಡಳಿತ ಮಂಡಳಿಗೆ ಬಂದರು. ಎಂಪಿ ಆಗಿದ್ದವರು ಪಾಲಿಕೆಗೆ? ನಮ್ಮಲ್ಲಾದರೆ ಇದನ್ನು ಹಿಂಬಡ್ತಿ ಅನ್ನುತ್ತಿದ್ದೆವು. ಇಲ್ಲಿ ದೊಡ್ಡ ನಗರದ ಆಡಳಿತವೇ ಪೂರ್ಣಾವಧಿ ಕೆಲಸ, ಕೈಯಲ್ಲಿ ನಿಜವಾದ ಅಧಿಕಾರ. ಒಂಬತ್ತು ಜನರ ಈ ಮಂಡಳಿಯನ್ನು ಜನರೇ ನೇರವಾಗಿ ಆರಿಸುತ್ತಾರೆ. ಮೇಯರ್ ಹುದ್ದೆಗೂ ಅವರು ನಿಂತಿದ್ದರು, ಕೊರಿನ್ ಮೌಖ್ ಎದುರು ಸೋತರು. ಆದರೂ ಮಂಡಳಿಯಲ್ಲಿ ಜಾಗ ಸಿಕ್ಕಿತು. ಆಮೇಲೆ ಗೆದ್ದವರು, ಸೋತವರು ಒಂದೇ ಮೇಜಿನ ಸುತ್ತ ಕೂತು ಆಡಳಿತ ಮಾಡಬೇಕು. ವಿರೋಧ ಪಕ್ಷ ಅಂತ ಹೊರಗೆ ಕೂರುವ ಪದ್ಧತಿ ಇಲ್ಲ. ಯಾರಿಗೆ ಯಾವ ಇಲಾಖೆ ಅನ್ನುವುದನ್ನು ಮಂಡಳಿಯೇ ತೀರ್ಮಾನಿಸುತ್ತದೆ. ತೀರ್ಮಾನವಾದ ಮೇಲೆ ಹೊರಗೆ ಎಲ್ಲರದೂ ಒಂದೇ ಮಾತು.

ಅವರಿಗೆ ಮೊದಲು ಸಿಕ್ಕಿದ್ದು ರಸ್ತೆ ಮತ್ತು ಕಸ. ನೀವು ಕೂಪ್‌ನಲ್ಲೋ ಮಿಗ್ರೋಸ್‌ನಲ್ಲೋ ದುಡ್ಡು ಕೊಟ್ಟು ತರುವ ಜ್ಯೂರಿ-ಸಾಕ್ ಚೀಲ ಇದೆಯಲ್ಲ, ಅದು ಈ ಇಲಾಖೆಯದು. ಬೇರೆ ಚೀಲದಲ್ಲಿ ಕಸ ಇಟ್ಟರೆ ದಂಡ ಬೀಳುತ್ತದೆ, ನೆನಪಿರಲಿ. 2017ರಲ್ಲಿ ಕಸ ವಿಭಾಗದಲ್ಲಿ ಹಣದ ಅವ್ಯವಹಾರ ಬಯಲಾಯಿತು. ಲಾಯ್ಟನೆಗ್ಗರ್ ಅದರ ಮುಖ್ಯಸ್ಥರನ್ನು ವಜಾ ಮಾಡಿದರು. ನಗರದ ಶಾಸನಸಭೆ ತನ್ನದೇ ತನಿಖಾ ಸಮಿತಿ ಮಾಡಿತು. 2018ರಲ್ಲಿ ಅವರು ಶಾಲೆ ಮತ್ತು ಕ್ರೀಡಾ ಇಲಾಖೆಗೆ ಬಂದರು. ಮಕ್ಕಳು ಮಧ್ಯಾಹ್ನ ಶಾಲೆಯಲ್ಲೇ ಊಟ ಮಾಡುವ ದಿನವಿಡೀ ಶಾಲೆ ಊರಿಡೀ ಬರಲಿ ಅಂತ ಜನ ಮತ ಹಾಕಿದ್ದು ಅವರ ಕಾಲದಲ್ಲೇ, 2022ರಲ್ಲಿ. ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮ ಮನೆಗಳಿಗೆ ಇದರಷ್ಟು ಉಪಕಾರದ ನಿರ್ಧಾರ ಬರ್ನ್‌ನಿಂದ ಬಂದದ್ದು ಕಡಿಮೆ.

ನಮಗೆ ಇದರಲ್ಲಿ ಪಾಲಿದೆಯಾ? ಬಿ (ವಾಸದ ಪರವಾನಗಿ) ಅಥವಾ ಸಿ (ಕಾಯಂ ವಾಸದ ಪರವಾನಗಿ) ಪರ್ಮಿಟ್ ಇದ್ದವರಿಗೆ ಜ್ಯೂರಿಕ್‌ನಲ್ಲಿ ಮತ ಇಲ್ಲ. ಜಿನೀವಾದಲ್ಲಿ ಎಂಟು ವರ್ಷ ದೇಶದಲ್ಲಿದ್ದ ವಿದೇಶೀಯರು ತಮ್ಮ ಊರಿನ ಮಟ್ಟದಲ್ಲಿ ಮತ ಹಾಕಬಹುದು. ನೌಶಾಟೆಲ್, ಜುರಾಗಳಲ್ಲಿ ಕ್ಯಾಂಟನ್ ಅಂದರೆ ರಾಜ್ಯದ ಮಟ್ಟದಲ್ಲೂ ಉಂಟು. ಮನವಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಶಾಲೆಯ ಪೋಷಕರ ಮಂಡಳಿಗೆ ಯಾವ ಪಾಸ್‌ಪೋರ್ಟ್ ಆದರೂ ನಡೆಯುತ್ತದೆ, ಅಲ್ಲಿಂದ ಶುರು ಮಾಡಿ.

ಪೂರ್ತಿ ಮತದ ಹಕ್ಕು ಬೇಕೆಂದರೆ ಪೌರತ್ವವೇ ದಾರಿ. ಸಾಮಾನ್ಯವಾಗಿ ಹತ್ತು ವರ್ಷದ ವಾಸ, ಸಿ ಪರ್ಮಿಟ್, ಮಾತಿನಲ್ಲಿ ಬಿ1, ಬರಹದಲ್ಲಿ ಎ2 ಭಾಷಾಮಟ್ಟ ಬೇಕು. ಸ್ವಿಸ್‌ನವರಿಗೆ ಎರಡು ಪೌರತ್ವ ತೊಂದರೆಯಿಲ್ಲ, ಭಾರತ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದ ವಿದೇಶೀಯರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಬೇಕು. ಓಸಿಐ ಮೇಲೆ ಊರಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನ ಕಾಲದ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅರ್ಜಿ ಹಾಕುವ ಮುಂಚೆ ಈ ವಿಷಯ ಮನೆಯವರ ಜೊತೆ ಮಾತಾಡಿಕೊಳ್ಳಿ.