ಮಳೆಗಾಲದಲ್ಲಿ ಆಗುಂಬೆಗೆ ಹೊರಟವರಿಗೆ

ಎಲ್ಲರೂ ಜಿಗಣೆಯ ಬಗ್ಗೆಯೇ ಕೇಳುತ್ತಿದ್ದೀರಿ. ಅದಕ್ಕೆ ಚಿಟಿಕೆ ಉಪ್ಪು ಸಾಕು. ನನಗೆ ಚಿಂತೆ ನೀವು ಕೈ ಇಡುವ ಜಾಗದ್ದು.

ಮಲಬಾರ್ ಗುಳಿಮಂಡಲ ಎಂಬ ವಿಷದ ಹಾವು ಹಸಿರು, ಕಂದು, ಹಳದಿ ಎಂದು ಹಲವು ಬಣ್ಣಗಳಲ್ಲಿರುತ್ತದೆ. ತೊರೆಯ ಪಕ್ಕದ ಕೊಂಬೆಯ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ. ಕಳೆದ ವರ್ಷ ಜಾರಿದಾಗ ಆಸರೆಗೆಂದು ಪಾಚಿಗಟ್ಟಿದ ಕೊಂಬೆಗೆ ಕೈ ಚಾಚಿದೆ. ಒಂದು ಗೇಣು ಆಚೆ ತ್ರಿಕೋನದ ತಲೆಯೊಂದು ನನ್ನತ್ತಲೇ ತಿರುಗಿತ್ತು. ಅಂದಿನಿಂದ ಕೋಲು ಹಿಡಿದೇ ನಡೆಯುತ್ತೇನೆ.

ನಮ್ಮಲ್ಲಿ ಸಿಗುವ ಹಾವಿನ ವಿಷದ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ 4 ಹಾವುಗಳ ವಿಷದಿಂದ ತಯಾರಾದದ್ದು. ಗುಳಿಮಂಡಲಕ್ಕೂ ಕಾಳಿಂಗಕ್ಕೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗೆಂದು ಆಸ್ಪತ್ರೆ ಬಿಟ್ಟು ನಾಟಿ ಮದ್ದಿಗೆ ಓಡಬೇಡಿ. ಉಸಿರಾಟ, ರಕ್ತಸ್ರಾವ ನೋಡಿಕೊಳ್ಳುವವರು ಅಲ್ಲಿಯೇ ಇರುವುದು. ಕಚ್ಚಿದರೆ ಉಂಗುರ, ಬಳೆ, ಗಡಿಯಾರ ಮೊದಲು ಕಳಚಿ, ಕೈಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಹಾವನ್ನು ಹಿಡಿದು ತರುವ ಸಾಹಸವಂತೂ ಬೇಡವೇ ಬೇಡ.

ಕಾಳಿಂಗ ಎದುರಾದರೆ ಮೊಬೈಲ್ ತೆಗೆಯುವ ಮೊದಲು ನಿಧಾನವಾಗಿ ಹಿಂದೆ ಸರಿಯಿರಿ. ಅದು ತನ್ನ ಪಾಡಿಗೆ ಹೋಗುತ್ತದೆ.

ಕಪ್ಪೆಗಳನ್ನು ಮುಟ್ಟಬೇಡಿ, ಅದರಲ್ಲೂ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ; ಅವು ಚರ್ಮದಿಂದಲೂ ಉಸಿರಾಡುತ್ತವೆ. ರಾತ್ರಿ ಮಳೆ ನಿಂತ ಮೇಲೆ ರಸ್ತೆಯ ತುಂಬ ಅವೇ ಇರುತ್ತವೆ, ಕಾರು ನಿಧಾನವಾಗಿ ಓಡಿಸಿ. ಬೆಳಿಗ್ಗೆ ಬೂಟು ಹಾಕುವ ಮುನ್ನ ಒಮ್ಮೆ ಕೊಡವಿ, ನನ್ನದರಲ್ಲಿ ಎರಡು ದಿನವೂ ಒಂದೊಂದು ಕಪ್ಪೆ ಇತ್ತು.