ಪೇಸ್ ಲೆಕ್ಕ ಹಾಕೋದು ಹೇಗೆ? ನಿಮಿಷಕ್ಕೆ ನೂರು ಪೈಸೆ ಇಲ್ರೀ!

ಬೆಳಗ್ಗೆ ಐದೂವರೆಗೆ ನಮ್ಮ ದಾವಣಗೆರೆ ಕುಂದುವಾಡ ಕೆರೆ ಹತ್ರ ಹೋಗಿ ನೋಡ್ರಿ, ವಾಕಿಂಗ್ ಮಾಡೋರು, ಓಡೋರು, ಓಡ್ತೀನಿ ಅಂತ ಬಂದು ಸೆಲ್ಫಿ ಹೊಡ್ಕೊಂಡು ಹೋಗೋರು ಎಲ್ಲಾ ಸಿಗ್ತಾರೆ. ಓಡೋರ್ನ ನಿಲ್ಲಿಸಿ ನಿಮ್ಮ ಪೇಸ್ ಎಷ್ಟ್ರೀ ಅಂದ್ರೆ ಮಾತ್ರ ಮೊದ್ಲು ವಾಚ್ ನೋಡ್ಕೊಳ್ತಾರೆ, ಆಮೇಲೆ ನಮ್ಮ ಮುಖ ನೋಡ್ತಾರೆ.

ದೊಡ್ಡ ವಿದ್ಯೆ ಏನಲ್ಲ ಅದು. ಒಂದು ಕಿಲೋಮೀಟರ್ ಓಡೋಕೆ ಎಷ್ಟು ನಿಮಿಷ ಎಷ್ಟು ಸೆಕೆಂಡ್ ಬೇಕು, ಅದೇ ಪೇಸ್. ಬೈಕ್ ಸ್ಪೀಡಿಗೆ ಉಲ್ಟಾ, ನಂಬರ್ ಇಳಿದಷ್ಟೂ ನೀವು ಜೋರು.

ಮೊದ್ಲು ದೂರ ಸರಿಯಾಗಿ ಗೊತ್ತಿರ್ಬೇಕು. 400 ಮೀಟರ್ ಟ್ರ್ಯಾಕ್ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ, ಹನ್ನೆರಡೂವರೆ ರೌಂಡಿಗೆ 5 ಕಿಲೋಮೀಟರ್. ಆದ್ರೆ 400 ಅನ್ನೋದು ತೀರಾ ಒಳಗಿನ ಲೇನಿನ ಅಳತೆ, ಎಂಟನೇ ಲೇನಲ್ಲಿ ಓಡಿದ್ರೆ ಒಂದು ರೌಂಡಿಗೆ ಸುಮಾರು 453 ಮೀಟರ್ ಆಗುತ್ತೆ, ಹನ್ನೆರಡೂವರೆ ರೌಂಡ್ ಮುಗಿಯೋಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಪುಕ್ಸಟ್ಟೆ ಓಡಿರ್ತೀರಿ. ಟ್ರ್ಯಾಕ್ ಇಲ್ವಾ, ಫೋನಿನ ಜಿಪಿಎಸ್ ಸಾಕು. ಮರದ ಕೆಳಗೆ, ಬಿಲ್ಡಿಂಗ್ ಸಂದೀಲಿ ಅದು ಆಚೆ ಈಚೆ ಎಗರುತ್ತೆ, ಹಾಗಾಗಿ ಓಡ್ತಾ ಇರುವಾಗ ಸ್ಕ್ರೀನ್ ಮೇಲೆ ಕುಣಿಯೋ ಪೇಸ್ ಬಿಟ್ಟು ಇಡೀ ಕಿಲೋಮೀಟರಿನ ಸರಾಸರಿ ನೋಡ್ರಿ.

ಇನ್ನು ಟೈಮು. ಹತ್ತು ನಿಮಿಷ ಮೆಲ್ಲಗೆ ಓಡಿ ಮೈ ಬಿಸಿ ಮಾಡ್ಕೊಂಡು, ಸಮತಟ್ಟು ರೋಡಲ್ಲಿ 5 ಕಿಲೋಮೀಟರ್ ನಿಮ್ಮ ಕೈಲಾದಷ್ಟು ಜೋರಾಗಿ ಓಡ್ರಿ, ಟೈಮ್ ಬರ್ಕೊಳ್ರಿ. ಏಪ್ರಿಲ್ ತಿಂಗಳು ಎಂಟು ಗಂಟೆ ಬಿಸಿಲಲ್ಲಿ ಓಡಿ ಬಂದ ನಂಬರ್ ನಂಬಬ್ಯಾಡ್ರಿ, ಸೆಕೆಗೆ ಎಂಥವನೂ ನಿಧಾನ ಆಗ್ತಾನೆ. ಚಿತ್ರದುರ್ಗದವರು ಜೋಗಿಮಟ್ಟಿ ಬೆಟ್ಟದ ಏರಲ್ಲಿ ಓಡಿದ ಟೈಮ್ ಹಿಡ್ಕೊಂಡು ದಾವಣಗೆರೆ ರೋಡಿನ ಟೈಮ್ ಜೊತೆ ಜಗಳಕ್ಕೆ ಬರಬ್ಯಾಡ್ರಿ, ಅದು ಬೇರೆ ಇದು ಬೇರೆ.

ಈಗ ಭಾಗಾಕಾರ, ಎಲ್ಲರೂ ಜಾರೋದು ಇಲ್ಲೇ. ನಾನೂ ಜಾರಿದೀನಿ. ಮೊದಲ ಸಲ ನಾನು 5 ಕಿಲೋಮೀಟರ್ ಓಡಿದ್ದು 32 ನಿಮಿಷ 30 ಸೆಕೆಂಡಲ್ಲಿ. ಮನೆಗೆ ಬಂದು ಫೋನ್ ಕ್ಯಾಲ್ಕುಲೇಟರಲ್ಲಿ 32.30 ಒತ್ತಿ 5ರಿಂದ ಭಾಗಿಸಿದೆ, 6.46 ಬಂತು, ಓ ನನ್ನ ಪೇಸ್ 6 ನಿಮಿಷ 46 ಸೆಕೆಂಡ್ ಅಂತ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದು ಎರಡು ತಿಂಗಳು ಅದನ್ನೇ ನಂಬ್ಕೊಂಡು ಓಡಾಡಿದೆ. ತಪ್ಪು! ಕ್ಯಾಲ್ಕುಲೇಟರಿಗೆ ಪಾಯಿಂಟ್ ಆದ್ಮೇಲೆ ಇರೋದು ಪೈಸೆ ಇದ್ದಂಗೆ, ನೂರಾದ್ರೆ ಒಂದು ರೂಪಾಯಿ. ನಿಮಿಷಕ್ಕೆ ಇರೋದು ಅರವತ್ತೇ. ಇನ್ನೊಬ್ಬ ದೋಸ್ತ್ ಸ್ವಲ್ಪ ಬುದ್ಧಿವಂತ, ಮೂವತ್ತು ಸೆಕೆಂಡ್ ಅಂದ್ರೆ ಅರ್ಧ ನಿಮಿಷ ಅಂತ 32.5 ಅಂತಾನೇ ಹಾಕಿದ, 6.5 ಬಂತು, ಅದನ್ನ 6 ನಿಮಿಷ 50 ಸೆಕೆಂಡ್ ಅಂತ ಓದ್ಕೊಂಡ. ಅವನದ್ದೂ ಹೋಯ್ತು.

ಸರಿಯಾದ ದಾರಿ ಅಂದ್ರೆ ಎಲ್ಲಾನೂ ಮೊದ್ಲು ಸೆಕೆಂಡ್ ಮಾಡ್ಕೊಳ್ಳೋದು. 32ನ್ನ 60ರಿಂದ ಗುಣಿಸಿದ್ರೆ 1920, ಅದಕ್ಕೆ 30 ಕೂಡಿಸಿದ್ರೆ 1950. ಅದನ್ನ 5ರಿಂದ ಭಾಗಿಸಿದ್ರೆ 390 ಸೆಕೆಂಡ್. 390ರಲ್ಲಿ ಆರು ಅರವತ್ತು ಹೋದ್ರೆ ಉಳಿಯೋದು 30. ಅಂದ್ರೆ ಪೇಸ್ 6:30. ಕಿಲೋಮೀಟರಿಗೆ 16 ಸೆಕೆಂಡ್ ನನಗೆ ನಾನೇ ಮೋಸ ಮಾಡ್ಕೊಂಡಿದ್ದೆ.

ಜಿಮ್ಮಲ್ಲಿ ಟ್ರೆಡ್‌ಮಿಲ್ ಮೇಲೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ತೋರಿಸುತ್ತಲ್ಲ, 3600ನ್ನ ಆ ನಂಬರಿಂದ ಭಾಗಿಸ್ರಿ, ಸೆಕೆಂಡ್ ಸಿಗುತ್ತೆ. 10 ಇದ್ರೆ 6:00, 9 ಇದ್ರೆ 6:40, 8 ಇದ್ರೆ 7:30.

ಪೇಸ್ ಸಿಕ್ಕಿದ್ಮೇಲೆ ಅದನ್ನ ರೌಂಡಿಗೆ ಇಳಿಸ್ಕೊಳ್ರಿ, ಇಲ್ಲಾಂದ್ರೆ ಟ್ರ್ಯಾಕಲ್ಲಿ ಉಪಯೋಗ ಇಲ್ಲ. ಪೇಸಿನ ಸೆಕೆಂಡನ್ನ ಎರಡರಿಂದ ಗುಣಿಸಿ ಐದರಿಂದ ಭಾಗಿಸಿದ್ರೆ 400 ಮೀಟರಿನ ಟೈಮ್. ನನ್ನ 390ಕ್ಕೆ 780, ಅದರಿಂದ 156, ಅಂದ್ರೆ ರೌಂಡಿಗೆ 2:36. ನಾನು ಇದನ್ನ ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡಿದ್ದೆ, ಮೂರನೇ ರೌಂಡಿಗೆ ಬೆವರಿಗೆ ಕರಗಿ ನೀಲಿ ಮಚ್ಚೆ ಒಂದೇ ಉಳಿತು, ಈಗ ಮೊಳಕೈ ಹತ್ರ ಬರ್ಕೊಳ್ತೀನಿ. ಮೊದಲ ರೌಂಡ್ 2:15ಕ್ಕೆ ಬಂದ್ರೆ ಖುಷಿ ಪಡಬ್ಯಾಡ್ರಿ, ಆ ಸಾಲ ಎಂಟನೇ ರೌಂಡಲ್ಲಿ ಬಡ್ಡಿ ಸಮೇತ ವಸೂಲಾಗುತ್ತೆ. ಅಂದಹಾಗೆ 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಮ್ಯಾರಥಾನ್ ಮುಗಿಸಿದ್ದು 2 ಗಂಟೆ 35 ಸೆಕೆಂಡಲ್ಲಿ, ಇದೇ ಲೆಕ್ಕ ಹಾಕಿದ್ರೆ ಕಿಲೋಮೀಟರಿಗೆ 2:51, ಅಂದ್ರೆ ನಾನು ಒಂದು ರೌಂಡ್ ಮುಗಿಸೋಷ್ಟರಲ್ಲಿ ಆ ಮನುಷ್ಯ ಎರಡು ರೌಂಡ್ ಮುಗಿಸಿ ಮೂರನೇದು ಶುರು ಮಾಡಿರ್ತಿದ್ದ. ಅದೂ 42 ಕಿಲೋಮೀಟರ್ ಉದ್ದಕ್ಕೂ.

ದಿನಾ ನಿಮ್ಮ 5 ಕಿಲೋಮೀಟರಿನ ಪೇಸಲ್ಲೇ ಓಡ್ಬೇಕು ಅಂತಲ್ಲ ಮತ್ತೆ. ದಿನದ ಓಟ ಇದಕ್ಕಿಂತ ಕಿಲೋಮೀಟರಿಗೆ ಒಂದು, ಒಂದೂವರೆ ನಿಮಿಷ ನಿಧಾನ ಇರ್ಲಿ. ಪಕ್ಕದಲ್ಲಿ ಓಡೋರ ಜೊತೆ ಇವತ್ತು ಬೆಣ್ಣೆದೋಸೆ ಎಲ್ಲಿ ತಿನ್ನೋಣ ಅಂತ ಏದುಸಿರಿಲ್ಲದೆ ಪೂರ್ತಿ ಮಾತಾಡೋಕ್ ಆಗ್ಬೇಕು, ಅಷ್ಟು ನಿಧಾನ.

ಕೊನೇದಾಗಿ, 10 ಕಿಲೋಮೀಟರ್ ಓಡೋಕೆ ಹೆಸರು ಕೊಟ್ಟಿದ್ರೆ 5ರ ಟೈಮನ್ನ ಎರಡು ಪಟ್ಟು ಮಾಡಿದ್ರೆ ಸಾಲಲ್ಲ, ದೂರ ಹೆಚ್ಚಾದಂಗೆ ಓಟ ನಿಧಾನ ಆಗುತ್ತೆ. ಪೀಟರ್ ರೀಗಲ್ ಅಂತ ಅಮೆರಿಕದ ಇಂಜಿನಿಯರ್ ಒಬ್ರು 1977ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದಾರೆ, ಅದರ ಪ್ರಕಾರ ದೂರ ಡಬಲ್ ಆದ್ರೆ ಟೈಮನ್ನ 2.085ರಿಂದ ಗುಣಿಸ್ಬೇಕು. ನನ್ನ 1950 ಸೆಕೆಂಡಿಗೆ ಅದು 4066 ಸೆಕೆಂಡ್ ಹತ್ರ ಬರುತ್ತೆ, ಅಂದ್ರೆ 67 ನಿಮಿಷ 46 ಸೆಕೆಂಡ್. ಹತ್ತರಿಂದ ಭಾಗಿಸಿ ನೋಡಿದ್ರೆ ಪೇಸ್ 6:46, ಕ್ಯಾಲೆಂಡರ್ ಮೇಲೆ ಬರೆದಿದ್ದ ಅದೇ ನಂಬರು! ಮನೇಲಿ ಅದನ್ನ ಇನ್ನೂ ಹರಿದು ಹಾಕಿರ್ಲಿಲ್ಲ, ಪಕ್ಕದಲ್ಲಿ '10 ಕಿ.ಮೀ.' ಅಂತ ಸೇರಿಸಿದೆ.