ಮೆರ್ಸೋದಲ್ಲಿ ನನ್ನ ಎರಡು ಪೀಪಾಯಿ

ಬಿಳಿ ವೈನ್‌ಗೆ ರುಚಿ ಬರುವುದೇ ಹೊಸ ಓಕ್ ಪೀಪಾಯಿಯಿಂದ, ಹೊಸದು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಕೆಲಸ ಕಲಿಯಲು ಫ್ರಾನ್ಸಿನ ಬರ್ಗಂಡಿಗೆ ಹೋದಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲಿಗೆಂದು ಹೋದವನು ಮುಂದಿನ ಆಗಸ್ಟ್‌ವರೆಗೆ ಅಲ್ಲೇ ಉಳಿದೆ.

ಊರು ಮೆರ್ಸೋ. ಬೋನ್ ಪಟ್ಟಣದ ದಕ್ಷಿಣಕ್ಕೆ, ಹತ್ತಿರದಲ್ಲೇ. ಸುಣ್ಣಕಲ್ಲಿನ ನೆಲ, ಎಲ್ಲಿ ನೋಡಿದರೂ ಶಾರ್ಡೊನೆ ಎಂಬ ಬಿಳಿ ದ್ರಾಕ್ಷಿಯ ಬಳ್ಳಿ. ಇಳಿಜಾರಿನ ನಡುವೆ ಪೆರಿಯೆರ್, ಶಾರ್ಮ್, ಜೆನೆವ್ರಿಯೆರ್ ಎಂಬ ಹೆಸರಾದ ತಾಕುಗಳಿವೆ. ಅವು ಪ್ರೀಮಿಯೆ ಕ್ರು, ಅಂದರೆ ಮೇಲಿನಿಂದ ಎರಡನೇ ದರ್ಜೆಯವು. ಅದಕ್ಕಿಂತ ಮೇಲಿನ ಗ್ರಾಂ ಕ್ರು ದರ್ಜೆ ಈ ಊರಿನ ಯಾವ ಬಿಳಿ ವೈನ್‌ಗೂ ಇಲ್ಲ. ನನ್ನ ಕೈಗೆ ಬಂದದ್ದು ಅವುಗಳಲ್ಲಿ ಯಾವುದೂ ಅಲ್ಲ ಬಿಡಿ, ಇಳಿಜಾರಿನ ಕೆಳಗಿನ ಸಾಧಾರಣ ತಾಕಿನ ರಸ.

ಯಜಮಾನರು ನೆಲಮಾಳಿಗೆಯ ಮೂಲೆಯಲ್ಲಿ ಎರಡು ಪೀಪಾಯಿ ತೋರಿಸಿ, "ಇವನ್ನು ನೀನೇ ನೋಡಿಕೋ" ಅಂದರು. ಒಂದು ಹೊಚ್ಚ ಹೊಸದು, ಇನ್ನೊಂದು ಆಗಲೇ ಮೂರು ವರ್ಷ ದುಡಿದದ್ದು. ಎರಡಕ್ಕೂ ಒಂದೇ ರಸ. ಅಲ್ಲಿನ ಪೀಪಾಯಿಗೆ ಪಿಯೆಸ್ ಅನ್ನುತ್ತಾರೆ, 228 ಲೀಟರ್ ಹಿಡಿಯುತ್ತದೆ. ಅಂದರೆ ಸುಮಾರು 300 ಬಾಟಲಿ.

ಹೊಸ ಪೀಪಾಯಿಗೆ ಮೊದಲು ಬಿಸಿನೀರು. ಒಂದೆರಡು ಬಕೆಟ್ ಸುರಿದು, ಬಿರಡೆ ಬಡಿದು, ಉರುಳಿಸಿ, ಒಂದೊಂದು ತುದಿಯ ಮೇಲೆ ನಿಲ್ಲಿಸಬೇಕು. ಹಲಗೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಎಲ್ಲಾದರೂ ಸೋರುತ್ತಿದ್ದರೆ ಆ ಜಾಗದಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಬಿರಡೆ ತೆಗೆದಾಗ ಒಳಗಿನ ಹಬೆ ಬುಸ್ ಅಂತ ಮುಖಕ್ಕೆ ಬಂತು, ಆಗಷ್ಟೇ ಸುಟ್ಟ ಬ್ರೆಡ್ಡಿನ ವಾಸನೆ. ಒಳಮೈಯನ್ನು ಬೆಂಕಿಯಲ್ಲಿ ಕಾಯಿಸಿರುತ್ತಾರಲ್ಲ, ಅದು.

ಹಿಂಡಿದ ರಸವನ್ನು ಒಂದು ರಾತ್ರಿ ತಂಪಾಗಿ ನಿಲ್ಲಿಸಿ, ದಪ್ಪ ಗಸಿ ತಳಕ್ಕೆ ಕೂತ ಮೇಲೆ ಪೀಪಾಯಿಗೆ ತುಂಬಿದೆ. ಇಲ್ಲೇ ಎಡವಿದ್ದು. ಉತ್ಸಾಹದಲ್ಲಿ ಎರಡನ್ನೂ ಕಂಠಮಟ್ಟ ತುಂಬಿಸಿಬಿಟ್ಟೆ. ಹುದುಗು ಶುರುವಾಗಿ ಮೂರನೇ ದಿನ ಬೆಳಿಗ್ಗೆ ನೋಡಿದರೆ ದೋಸೆ ಹಿಟ್ಟು ಉಕ್ಕಿದ ಹಾಗೆ ಕಂದು ನೊರೆ ಪೀಪಾಯಿ ಪಕ್ಕದಲ್ಲಿ ಇಳಿದು ನೆಲವೆಲ್ಲ ಅಂಟು ಅಂಟು. ಯಜಮಾನರು ಏನೂ ಅನ್ನಲಿಲ್ಲ, ಸುಮ್ನೆ ಬ್ರಷ್ ಕೈಗೆ ಕೊಟ್ಟರು. ಉಕ್ಕಲು ಜಾಗ ಬಿಡಬೇಕು ಅನ್ನುವುದು ಆಮೇಲೆ ಯಾವತ್ತೂ ಮರೆಯಲಿಲ್ಲ.

ಹುದುಗು ಮುಗಿದ ಮೇಲೆ ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಅದನ್ನು ಆಗಾಗ ಕಲಕುವುದಕ್ಕೆ ಬಾತೊನಾಜ್ ಅನ್ನುತ್ತಾರೆ. ತುದಿ ಬಾಗಿದ ಕೋಲನ್ನು ತೂತಿನಿಂದ ಇಳಿಸಿ ತಿರುಗಿಸಿದರೆ ತಿಳಿ ವೈನ್ ಹಾಲಿನಂತೆ ಬೆಳ್ಳಗಾಗುತ್ತದೆ. ವೈನ್‌ಗೆ ಮೈ ತುಂಬಿಕೊಳ್ಳುವುದು ಇದರಿಂದಲೇ. ನನಗೆ ಇದು ಎಷ್ಟು ಇಷ್ಟವಾಯಿತೆಂದರೆ ವಾರಕ್ಕೆ ಎರಡು ಸಲ ಕಲಕತೊಡಗಿದೆ. ಡಿಸೆಂಬರ್‌ನಲ್ಲಿ ಕೋಲು ಕಿತ್ತುಕೊಂಡರು. ಪ್ರತಿ ಸಲ ಬಿರಡೆ ತೆಗೆದು ಕಲಕಿದಾಗಲೂ ಗಾಳಿ ಒಳಗೆ ಹೋಗುತ್ತದೆ. 1990ರ ದಶಕದ ನಡುವಿನಿಂದ ಬರ್ಗಂಡಿಯ ಎಷ್ಟೋ ಬಿಳಿ ವೈನ್‌ಗಳು ಬಾಟಲಿಯಲ್ಲಿ ಬೇಗ ಕಂದಾಗಿ ಮುಪ್ಪಾದವು. ಅದಕ್ಕೆ ಜನ ದೂರುವ ಕಾರಣಗಳಲ್ಲಿ ಅತಿಯಾಗಿ ಕಲಕಿದ್ದೂ ಒಂದು.

ಕಲಕುವುದು ನಿಂತ ಮೇಲೆ ಉಳಿದದ್ದು ತುಂಬುವ ಕೆಲಸ. ಮರದಿಂದ ಆವಿಯಾಗಿ ಹೋದಷ್ಟನ್ನು ಮತ್ತೆ ತುಂಬಿ ಗಾಳಿಗೆ ಜಾಗವಿಲ್ಲದ ಹಾಗೆ ನೋಡಿಕೊಳ್ಳಬೇಕು. ಹುದುಗಿಗೆ ಜಾಗ ಬಿಡಬೇಕು, ಆಮೇಲೆ ಬಿಡಬಾರದು. ಹೊಸ ಮರ ಮೊದಮೊದಲು ತಾನೇ ಕುಡಿಯುತ್ತದೆ, ಅದಕ್ಕೇ ಜಾಸ್ತಿ ಹಾಕಬೇಕಾಯಿತು.

ಹೀಗೆ ತುಂಬುವಾಗಲೆಲ್ಲ ಎರಡರಿಂದಲೂ ಒಂದೊಂದು ಗುಟುಕು. ಚಳಿಗಾಲದಲ್ಲಿ ಕೇಳಿದ್ದರೆ ಹೊಸ ಪೀಪಾಯಿಯದೇ ಗೆದ್ದಿತು ಅನ್ನುತ್ತಿದ್ದೆ. ವೆನಿಲಾ, ಹುರಿದ ಬಾದಾಮಿ, ಏನೆಲ್ಲ ಇತ್ತು. ಪಕ್ಕದ ಹಳೆಯದು ಬರೀ ಹುಳಿ. ವಸಂತ ಬಂದು ಮಾಳಿಗೆ ಬೆಚ್ಚಗಾದಾಗ ಎರಡನೇ ಹುದುಗು ಶುರುವಾಯಿತು. ಹಸಿ ಸೇಬಿನ ಚುರುಕು ಹುಳಿ ಮೊಸರಿನ ಮೆತ್ತನೆ ಹುಳಿಯಾಗುವ ಕಾಲ. ಬೆಣ್ಣೆಯ ವಾಸನೆ ಬರುವುದು ಈ ಹಂತದಲ್ಲಿ, ಮರದಿಂದ ಅಲ್ಲ. ನಾನು ಅಲ್ಲಿಯವರೆಗೂ ಬೆಣ್ಣೆಯನ್ನೂ ಓಕ್ ಲೆಕ್ಕಕ್ಕೇ ಬರೆದುಕೊಂಡಿದ್ದೆ!

ಜುಲೈ ಹೊತ್ತಿಗೆ ಹಳೆಯ ಪೀಪಾಯಿಯ ವೈನ್ ರುಚಿ ಬಿಚ್ಚಿಕೊಂಡಿತ್ತು. ನಿಂಬೆ ಸಿಪ್ಪೆ, ಹೇಜಲ್‌ನಟ್, ನುಂಗಿದ ಮೇಲೂ ನಾಲಿಗೆ ಮೇಲೆ ಉಳಿಯುವ ಒಂದು ಉಪ್ಪಿನಂಥದ್ದು. ಹೊಸದರಲ್ಲಿ ಇನ್ನೂ ಬಡಗಿ ಅಂಗಡಿ. ಆ ಸಾಧಾರಣ ತಾಕಿನ ರಸಕ್ಕೆ ಅಷ್ಟು ಮರ ಹೊರುವ ತಾಕತ್ತು ಇರಲಿಲ್ಲ.

ಹಾಗಂತ ಹೊಸದು ದಂಡವಾಗಲಿಲ್ಲ. ಯಜಮಾನರು ಅಳತೆ ಕೊಳವೆಯಲ್ಲಿ ಹೊಸದರದು ಒಂದು ಪಾಲು, ಹಳೆಯದರದು ಮೂರು ಪಾಲು ಬೆರೆಸಿ ಲೋಟ ಮುಂದಿಟ್ಟರು. ಮರ ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ಆದರೆ ಬರೀ ಹಳೆಯದನ್ನು ಮತ್ತೆ ಕುಡಿದಾಗ ಏನೋ ಕಮ್ಮಿ ಅನ್ನಿಸಿತು.

ಆಗಸ್ಟ್‌ನಲ್ಲಿ, ಮುಂದಿನ ಕೊಯ್ಲಿಗೆ ಮುಂಚೆ, ವೈನ್ ಎಲ್ಲ ಸ್ಟೀಲ್ ಟ್ಯಾಂಕಿಗೆ ಹೋಯಿತು. ಖಾಲಿ ಪೀಪಾಯಿಗಳನ್ನು ತೊಳೆದು, ನೀರಿಳಿಸಿ, ಒಳಗೆ ಗಂಧಕದ ಬಿಲ್ಲೆ ಉರಿಸಿ ಬಿರಡೆ ಹಾಕಿದೆ. ಹೊಸದರ ಮುಖದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಸೊನ್ನೆ ಅಳಿಸಿ 1 ಅಂತ ಬರೆದೆ.